ಸುಗಂಧಿಯ ಗುಲ್ಮ

ಮಲೇಷ್ಯಾದ ನಿಲಾಯ್‌ನ ನಮ್ಮ ಕಾಂಡೋದಲ್ಲಿ ನಾವಿದ್ದದ್ದು ಏಳನೇ ಮಹಡಿ, ಸುಗಂಧಿ ಒಂಬತ್ತನೆಯದು. ಅವಳು ಉಡುಪಿಯವಳು. ಇಲ್ಲಿನ ಯೂನಿವರ್ಸಿಟಿಯಲ್ಲಿ ಫೌಂಡೇಶನ್ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳುತ್ತಿದ್ದಳು. ಗಂಡ ರತ್ನಾಕರ ಅಲ್ಲೇ ಮೆಡಿಕಲ್ ವಿಭಾಗದಲ್ಲಿ ಅನಾಟಮಿ ಮೇಷ್ಟ್ರು. ನಾನು ಮೈಸೂರಿನ ಚಾಮುಂಡಿ. ನನ್ನ ಯಜಮಾನರು ಗುರುದತ್ ಏರ್‌ಪೋರ್ಟಿನ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು ಹದಿನಾಲ್ಕು ವರ್ಷವಾಗಿತ್ತು. ನನಗೆ ಸಂಬಳದ ಕೆಲಸವಿರಲಿಲ್ಲ. ಆದರೆ ನಮ್ಮ ಎರಡು ಬ್ಲಾಕಿನ ಕನ್ನಡದ ಮನೆಗಳಲ್ಲಿ ನನ್ನನ್ನು ಕೇಳದೆ ಯಾರೂ ಮಗುವಿಗೆ ಗ್ರೈಪ್ ವಾಟರ್ ಕೂಡ ಕುಡಿಸುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಬುಡ, ಅದಕ್ಕೆ ಹೇಳುತ್ತಿದ್ದೇನೆ.

ಸುಗಂಧಿ ಸಣ್ಣ ಆಳು. ಮಾತು ಕಡಿಮೆ, ಲೆಕ್ಕ ಜಾಸ್ತಿ. ಯಾವ ತಾರೀಕಿನಂದು ಏನಾಯಿತು ಎಂದು ಕೇಳಿದರೆ ವಾರದ ಸಮೇತ ಹೇಳುತ್ತಿದ್ದಳು. ಅವಳ ಕಾಯಿಲೆ ಶುರುವಾದದ್ದು 2018ರಲ್ಲಿ, ನಲವತ್ತೊಂದನೇ ವಯಸ್ಸಿಗೆ. ಮೊದಲು ಕಾಲಿನ ಮೇಲೆ ಕೆಂಪು ಚುಕ್ಕೆ, ಆಮೇಲೆ ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ, ಹಲ್ಲುಜ್ಜಿದರೆ ಬಾಯ್ತುಂಬ ರಕ್ತ. ಪರೀಕ್ಷೆ ಮಾಡಿಸಿದಾಗ ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ ಹದಿನೆಂಟು ಸಾವಿರವಿತ್ತು. ರಕ್ತ ಹೆಪ್ಪುಗಟ್ಟಿಸುವ ಆ ಕಣಗಳನ್ನು ಅವಳ ದೇಹವೇ ಶತ್ರು ಎಂದು ತಿಳಿದು ಕೊಲ್ಲುತ್ತಿತ್ತು. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಆ ಕೊಲೆ ಹೆಚ್ಚಾಗಿ ನಡೆಯುವ ಜಾಗ. ವಾಸಿಯಾಗುವ ಗ್ಯಾರಂಟಿ ಇಲ್ಲ, ಹಿಡಿತದಲ್ಲಿಟ್ಟುಕೊಂಡು ಬದುಕಬೇಕು ಎಂದರು. ಹಿಡಿತ ತಪ್ಪಿ ಎಂದಾದರೂ ತಲೆಯೊಳಗೆ ರಕ್ತ ಒಸರಿದರೆ ಮುಗಿಯಿತು. ಅವಳಿಗಿದ್ದ ಒಂದೇ ಭಯ ಅದು. ಮಗಳು ಶ್ರೀಯಾಗೆ ಆಗ ಹನ್ನೊಂದು ವರ್ಷ.

ಎರಡು ವರ್ಷ ಸ್ಟಿರಾಯ್ಡ್ ನುಂಗಿದಳು. ನುಂಗಿದಷ್ಟು ದಿನ ಲೆಕ್ಕ ಮೇಲೆ, ಕಡಿಮೆ ಮಾಡಿದ ಕೂಡಲೇ ಕೆಳಗೆ. ಮುಖ ಊದಿ ಕಣ್ಣು ಸಣ್ಣಗಾದವು, ಸಕ್ಕರೆ ಕಾಯಿಲೆ ಬಂತು, ನಿದ್ದೆ ಹೋಯಿತು. ಒಂದು ದಿನ ಶ್ರೀಯಾ ಮೇಲೆ ಕಿರುಚಿ, ಆಮೇಲೆ ನನ್ನ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು, "ಅದು ನಾನಲ್ಲ ಅಕ್ಕ, ಆ ಮಾತ್ರೆ" ಎಂದು ಅತ್ತಳು.

2020ರ ಮಾರ್ಚ್ ಮೊದಲ ವಾರ ರತ್ನಾಕರ ಪರೀಕ್ಷಕರಾಗಿ ಊರಿನ ಕಡೆಯ ಒಂದು ಕಾಲೇಜಿಗೆ ಹೋದರು. ಹತ್ತು ದಿನದ ಕೆಲಸ. ಅಷ್ಟರಲ್ಲಿ ಮಲೇಷ್ಯಾ ಬಾಗಿಲು ಹಾಕಿತು, ಆಮೇಲೆ ಅಲ್ಲಿಯೂ ಬಾಗಿಲು ಹಾಕಿತು. ನಮ್ಮ ತಲೆಯ ಮೇಲೆ ಐದು ನಿಮಿಷಕ್ಕೊಂದು ಹೋಗುತ್ತಿದ್ದ ವಿಮಾನಗಳು ನಿಂತವು. ಅವರು ಉಡುಪಿಯಲ್ಲಿ, ಇವಳು ಇಲ್ಲಿ. ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಮತ್ತೆ ಹಾಕಿದರು, ಅಷ್ಟರಲ್ಲಿ ಭಾರತದವರಿಗೆ ಪ್ರವೇಶವೇ ಇಲ್ಲವೆಂದರು. ನಾನು ಆ ಅಧಿಕಾರಿಗಳಿಗೆಲ್ಲ ಮೈಸೂರಿನ ಬೈಗುಳದಲ್ಲಿ ಮಂಗಳಾರತಿ ಮಾಡಿದ್ದೇನೆ, ಅವರ ಕಿವಿಗೆ ಬೀಳಲಿಲ್ಲ ಅಷ್ಟೇ.

ಜೂನ್‌ನಲ್ಲಿ ಸ್ಟಿರಾಯ್ಡ್ ಇಳಿಸಿದಾಗ ಲೆಕ್ಕ ಹನ್ನೊಂದು ಸಾವಿರಕ್ಕೆ ಬಿತ್ತು. ರಕ್ತದ ಡಾಕ್ಟರು ಯೋಂಗ್ ಎಂಬ ಚೀನೀ ಹೆಂಗಸು, ಒಳ್ಳೆಯವಳು. ಸೋಂಕಿನ ಭಯಕ್ಕೆ ಫೋನಿನಲ್ಲೇ ಮಾತು. ನಾನು ಮಾಸ್ಕ್ ಹಾಕಿಕೊಂಡು, ಗಾರ್ಡ್ ಕಣ್ಣು ತಪ್ಪಿಸಿ ಮೆಟ್ಟಿಲು ಹತ್ತಿ ಹೋಗಿ, ಅವಳ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಡಾಕ್ಟರು ಮೂರು ದಾರಿ ಹೇಳಿದರು. ಒಂದು, ರಿಟುಕ್ಸಿಮ್ಯಾಬ್ ಎಂಬ ಡ್ರಿಪ್, ವಾರಕ್ಕೊಂದರಂತೆ ನಾಲ್ಕು. ಕೆಲವರಿಗೆ ವರ್ಷಗಟ್ಟಲೆ ಆರಾಮ. ಆದರೆ ಅದು ರೋಗದ ವಿರುದ್ಧ ಹೋರಾಡುವ ಶಕ್ತಿಯನ್ನೇ ಬಡಿದು ಹಾಕುತ್ತದೆ, ಈ ಕೋವಿಡ್ ಕಾಲದಲ್ಲಿ ತಮಗೆ ಮನಸ್ಸಿಲ್ಲ, ಮುಂದೆ ಲಸಿಕೆ ಬಂದರೂ ಅದು ಮೈಗೆ ಹತ್ತಲಿಕ್ಕಿಲ್ಲ ಎಂದರು. ಎರಡು, ಗುಲ್ಮ ತೆಗೆಯುವುದು. ಮೂವರಲ್ಲಿ ಇಬ್ಬರಿಗೆ ಒಳ್ಳೆಯದಾಗುತ್ತದೆ, ಆದರೆ ಜೀವಮಾನವಿಡೀ ಜ್ವರ ಬಂದರೆ ಗಂಟೆಯೊಳಗೆ ಆಸ್ಪತ್ರೆಗೆ ಓಡಬೇಕು. ಮೂರು, ಎಲ್ಟ್ರಾಂಬೊಪಾಗ್ ಎಂಬ ದಿನಕ್ಕೊಂದು ಮಾತ್ರೆ. ಪ್ಲೇಟ್‌ಲೆಟ್ ಹೆಚ್ಚು ಹುಟ್ಟಿಸುತ್ತದೆ, ಎಷ್ಟು ವರ್ಷ ನುಂಗಬೇಕೋ ಹೇಳಲಾಗದು.

ಸುಗಂಧಿ ಗ್ರಾಫ್ ಹಾಳೆಯ ಮೇಲೆ ನೂರು ನೂರು ಚೌಕದ ಮೂರು ಗುಂಪು ಮಾಡಿ ಬಣ್ಣ ಹಚ್ಚಿದಳು. ಗುಣವಾಗುವವರಿಗೆ ಬಣ್ಣ, ಆಗದವರಿಗೆ ಬಿಳಿ. ಉಡುಪಿಯ ಕಡೆಯ ಡಾಕ್ಟರ್ ನೆಂಟರೆಲ್ಲ ವಾಟ್ಸಾಪಿನಲ್ಲಿ ಸೇರಿಕೊಂಡರು. ಮೂಳೆ ಡಾಕ್ಟರ್ ಒಬ್ಬರು, ಕಣ್ಣಿನ ಡಾಕ್ಟರ್ ಇಬ್ಬರು, ತಲೆಗೊಂದು ಮಾತು. ರತ್ನಾಕರ ವಿಡಿಯೋದಲ್ಲಿ ಬಂದು, "ನಂಗೆ ಸತ್ತವರ ಸ್ಪ್ಲೀನ್ ಗೊತ್ತು ಮಾರಾಯ್ತಿ, ಬದುಕಿದವರದ್ದು ಗೊತ್ತಿಲ್ಲ. ನೀನು ಹೇಳಿದ ಹಾಗೆ" ಎಂದರು.

ಸುಗಂಧಿ ಹಾಳೆ ಮಡಚಿಟ್ಟು, "ಮಾತ್ರೆ ತಗೊಳ್ತೇನೆ" ಎಂದಳು. "ಅದನ್ನು ಬೇಡ ಅಂದ್ರೆ ನಿಲ್ಲಿಸ್ಬಹುದು. ತೆಗ್ದದ್ದನ್ನು ವಾಪಸ್ ಇಡ್ಲಿಕ್ಕೆ ಆಗುದಿಲ್ಲ ಅಲ್ವಾ."

ಮಾತ್ರೆ ಅಂಚೆಯಲ್ಲಿ ಬಂತು, ಪೆಟ್ಟಿಗೆಯಿಲ್ಲದೆ, ಬರೀ ಸ್ಟ್ರಿಪ್, ಪ್ಲಾಸ್ಟಿಕ್ ಚೀಲದ ಮೇಲೊಂದು ಚೀಟಿ. ದಿನಕ್ಕೆ ಒಂದು, ಹಾಲಿನ ಜೊತೆ ಬೇಡ. ಔಷಧಿ ವಿಭಾಗದವರು ಎರಡು ಸಲ ಫೋನ್ ಮಾಡಿದ್ದರಂತೆ. ಎರಡು ಸಲವೂ ಅವಳು ಲ್ಯಾಪ್‌ಟಾಪಿನಲ್ಲಿ ಅರವತ್ತು ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಮತ್ತೆ ಇವಳು ಮಾಡಿದಾಗ ಯಾರೂ ಎತ್ತಲಿಲ್ಲ.

ಅವಳು ಆ ದಿನವೇ ಕಾಫಿ ಬಿಟ್ಟಳು. ಹಾಲು ಹಾಕಿದ ಯಾವುದನ್ನೂ ಮುಟ್ಟಲಿಲ್ಲ. ಮೂರನೇ ದಿನ ಬಾಗಿಲ ಬಳಿ ಕೂತಿದ್ದಾಗ, "ಹೊಟ್ಟೆ ಉರೀತದೆ ಅಕ್ಕ, ಖಾಲಿ ಹೊಟ್ಟೆಗೆ ಆಗುದಿಲ್ಲ" ಎಂದಳು.

"ಉಷ್ಣ ಕಣೆ" ಎಂದೆ ನಾನು. "ಅಷ್ಟು ಸ್ಟ್ರಾಂಗ್ ಮಾತ್ರೆನ ಹಾಗೇ ನುಂಗಿದ್ರೆ ಇನ್ನೇನಾಗುತ್ತೆ? ನಾಳೆಯಿಂದ ನಾನು ರಾಗಿ ಅಂಬಲಿ ತರ್ತೀನಿ. ಗಟ್ಟಿ ಮೊಸರು ಕಡೆದು ಮಜ್ಜಿಗೆ ಹಾಕಿ. ಅದರ ಜೊತೆ ನುಂಗು."

ಅವಳು ಚೀಟಿ ತೋರಿಸಿದಳು. "ಹಾಲು ಬೇಡ ಅಂತ ಉಂಟು. ಮಜ್ಜಿಗೆ ಆಗ್ತದಾ?"

"ಮಜ್ಜಿಗೆ ಎಲ್ಲಾದರೂ ಹಾಲಾ? ಹಾಲು ಕಫ, ಮಜ್ಜಿಗೆ ಔಷಧಿ. ಬೇಡ ಅಂದಿದ್ರೆ ಮೊಸರು ಮಜ್ಜಿಗೆ ಅಂತ ಬರೀತಿರ್ಲಿಲ್ವ? ಎಲ್ಲಾದಕ್ಕೂ ಲೆಕ್ಕ ಹಾಕ್ಬೇಡ, ನನ್ನ ಮಾತು ಕೇಳು."

ಕೇಳಿದಳು. ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಸತಾಯಿಸುವುದು ನನಗಾಗದು. ಆ ಮಾತ್ರೆಗೆ ಹಾಲು ಬೇಡವೆಂದದ್ದು ಅದರಲ್ಲಿರುವ ಕ್ಯಾಲ್ಸಿಯಂಗೆ. ಮಜ್ಜಿಗೆಯಲ್ಲೂ ಅದೇ ಇದೆ, ರಾಗಿಯಲ್ಲಿ ಕೇಳುವುದೇ ಬೇಡ. ಹೊಟ್ಟೆಯಲ್ಲಿ ಮಾತ್ರೆಯನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಔಷಧಿ ರಕ್ತಕ್ಕೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಇದು ನನಗೆ ಗೊತ್ತಾದದ್ದು ಒಂಬತ್ತು ತಿಂಗಳ ಮೇಲೆ. ಅಲ್ಲಿಯವರೆಗೆ ನಾನು ತಮಿಳರ ಅಂಗಡಿಯಿಂದ ಅವರು ಕೇಳ್ವರಗು ಎನ್ನುವ ರಾಗಿಯ ಹಿಟ್ಟು ತರಿಸಿ, ದಿನಾ ಬೆಳಿಗ್ಗೆ ಏಳಕ್ಕೆ ಉಕ್ಕಿನ ಕ್ಯಾರಿಯರಿನಲ್ಲಿ ಅಂಬಲಿ ಹೊತ್ತುಕೊಂಡು ಎರಡು ಮಹಡಿ ಹತ್ತಿದೆ. ಮಾತ್ರೆ ನಡೆದಷ್ಟು ದಿನ, ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಮೇಲೆ ಅಂಬಲಿ ಕುಡಿದು ಮುಗಿಸುವವರೆಗೂ ಅಲ್ಲಾಡುತ್ತಿರಲಿಲ್ಲ. ಪೊಲೀಸಿನವಳ ಹಾಗೆ ನಿಂತಿರುತ್ತಿದ್ದೆ.

ತಿಂಗಳಾಯಿತು, ಒಂಬತ್ತು ಸಾವಿರ. ಡಾಕ್ಟರ್ ಯೋಂಗ್ ಡೋಸ್ ಏರಿಸಿದರು. ಹಾಲು ಬಿಟ್ಟಿದ್ದೀರಲ್ಲ ಎಂದು ಕೇಳಿದರು. ಬಿಟ್ಟಿದ್ದೇನೆ ಎಂದಳು. ರತ್ನಾಕರರೂ ಅದೇ ಕೇಳಿದರು, ಅದೇ ಉತ್ತರ. ಎರಡು ತಿಂಗಳಿಗೆ ಹದಿಮೂರು, ಮೂರಕ್ಕೆ ಎಂಟು. ಪಾಠದ ನಡುವೆ ಮೂಗಿನಿಂದ ರಕ್ತ ಸುರಿದು ಕೀಬೋರ್ಡಿನ ಮೇಲೆ ಬಿತ್ತು, ಅರವತ್ತು ಮಕ್ಕಳು ನೋಡಿದರು. ಅವಳು ಕ್ಯಾಮೆರಾ ಆರಿಸಿ ಟವೆಲ್ ಒತ್ತಿಕೊಂಡು ಪಾಠ ಮುಂದುವರಿಸಿದಳಂತೆ. ತಿಂಗಳ ಮುಟ್ಟು ಬಂದರೆ ಹದಿನೈದು ದಿನ. ಬಾತ್‌ರೂಮಿನ ಹೊರಗೆ ಶ್ರೀಯಾ ನಿಂತುಕೊಂಡು, "ಅಮ್ಮಾ, ಸೇ ಸಮ್‌ಥಿಂಗ್" ಎನ್ನುತ್ತಿತ್ತು. ಒಳಗಿನಿಂದ ಇವಳು ಒಂದು ಎರಡು ಮೂರು ಎಂದು ಎಣಿಸುತ್ತಿದ್ದಳು, ಬದುಕಿದ್ದೇನೆಂದು ಮಗುವಿಗೆ ಗೊತ್ತಾಗಲಿ ಎಂದು.

ನನಗೆ ರೋಸಿಹೋಯಿತು. ಆ ಮಾತ್ರೆಯ ಮೇಲೆ, ಆ ಡಾಕ್ಟರಮ್ಮನ ಮೇಲೆ. "ಇನ್ನು ಎಷ್ಟು ದಿನ ಈ ಗೋಳು? ತೆಗೆಸಿ ಬಿಸಾಕು ಆ ಸ್ಪ್ಲೀನ್‌ನ. ನಾನಿದೀನಿ" ಎಂದೆ.

"ತೆಗೆಸುದೇ" ಎಂದಳು ಸುಗಂಧಿ. "ಮಾತ್ರೆ ನಂಗೆ ಹಿಡಿಲಿಲ್ಲ. ನೂರರಲ್ಲಿ ಆ ಬಿಳಿ ಚೌಕ ನಾನೇ." ಆ ದಿನ ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಆಸೆ ಬಿಟ್ಟವಳ ಮುಖ.

ಆಪರೇಷನ್‌ಗೆ ಮೊದಲು ನ್ಯುಮೋನಿಯಾದ್ದು, ಮಿದುಳು ಜ್ವರದ್ದು ಎಂದು ಚುಚ್ಚುಮದ್ದುಗಳನ್ನು ಕೊಟ್ಟರು. ನವೆಂಬರಿನಲ್ಲಿ ಒಬ್ಬಳೇ ಬ್ಯಾಗು ಹಿಡಿದು ಆಸ್ಪತ್ರೆಯೊಳಗೆ ಹೋದಳು. ಜೊತೆಗೆ ಯಾರನ್ನೂ ಬಿಡುವಂತಿರಲಿಲ್ಲ. ಗಾಜಿನ ಬಾಗಿಲ ಹೊರಗೆ ನಾನು ಶ್ರೀಯಾಳ ಕೈ ಹಿಡಿದು ನಿಂತಿದ್ದೆ. ರತ್ನಾಕರ ಎರಡೂವರೆ ಗಂಟೆ ನನ್ನ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಕೂತಿದ್ದರು, ನಾನು ಫೋನನ್ನು ಆ ಬಾಗಿಲ ಕಡೆಗೆ ಹಿಡಿದಿದ್ದೆ.

ನಾಲ್ಕನೇ ದಿನಕ್ಕೆ ಲೆಕ್ಕ ಎರಡು ಲಕ್ಷ ಹತ್ತು ಸಾವಿರ. ನಾನು ಹೋಳಿಗೆ ಮಾಡಿ ಎರಡು ಬ್ಲಾಕಿಗೂ ಹಂಚಿದೆ. ಸುಗಂಧಿ ಒಂದು ವರ್ಷದ ಮೇಲೆ ಬ್ರಷ್‌ನಲ್ಲಿ ಹಲ್ಲುಜ್ಜಿದಳು. ಫೆಬ್ರವರಿ ಕೊನೆಯಲ್ಲಿ ಮೊಣಕಾಲ ಕೆಳಗೆ ಮತ್ತೆ ಕೆಂಪು ಚುಕ್ಕೆ ಎದ್ದವು. ಹದಿನಾರು ಸಾವಿರ. ಮೂವರಲ್ಲಿ ಆ ಮೂರನೆಯವಳು ಇವಳೇ ಆಗಬೇಕಿತ್ತೆ? ಗುಲ್ಮವೂ ಹೋಯಿತು, ರೋಗವೂ ಉಳಿಯಿತು. ಅವಳು ಅಳಲಿಲ್ಲ. ಸೋಫಾದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು, ಎರಡು ದಿನ ಏಳಲಿಲ್ಲ. ಅಂಬಲಿ ತಣ್ಣಗಾಗಿ ಕೆನೆ ಕಟ್ಟಿತು.

ಡಾಕ್ಟರ್ ಯೋಂಗ್ ಬಿಡಲಿಲ್ಲ. ಗುಲ್ಮ ತೆಗೆದ ಮೇಲೆ ಕೆಲವರಿಗೆ ಅದೇ ಮಾತ್ರೆ ಕೆಲಸ ಮಾಡುವುದುಂಟು, ಇನ್ನೊಮ್ಮೆ ನೋಡೋಣ ಎಂದರು. ಈ ಸಲ ಆಸ್ಪತ್ರೆಗೇ ಬಂದು ತೆಗೆದುಕೊಂಡು ಹೋಗಲು ಹೇಳಿದ್ದರಿಂದ ನಾನು ಕಾರು ಓಡಿಸಿಕೊಂಡು ಹೋದೆ. ಔಷಧಿಯ ಕಿಟಕಿಯಲ್ಲಿ ತಲೆಗೆ ತುಡುಂಗ್ ಸುತ್ತಿದ ಮಲಾಯ್ ಹುಡುಗಿ. ಸುಗಂಧಿ ಕಿಟಕಿಯ ಮುಂದೆ ನಿಂತಿದ್ದಳು, ನಾನು ಅವಳ ಹಿಂದೆ ನೆಲದ ಹಳದಿ ಗುರುತಿನ ಮೇಲೆ. ಆ ಹುಡುಗಿ ಒಂದೊಂದನ್ನೇ ಬೆರಳು ಮಡಚಿ ಹೇಳಿದಳು. ಹಾಲು ಬೇಡ, ಮೊಸರು ಬೇಡ, ಲಸ್ಸಿ ಬೇಡ. ಇಂಡಿಯನ್ನರು ಕುಡಿಯುವ ಆ ರಾಗಿ ಬೇಡವೇ ಬೇಡ. ಮಾತ್ರೆಗೆ ನಾಲ್ಕು ಗಂಟೆ ಮೊದಲಿನಿಂದ ಎರಡು ಗಂಟೆ ಆಮೇಲಿನವರೆಗೆ. ಜೊತೆಗೆ ತೆಗೆದುಕೊಂಡರೆ ಮಾತ್ರೆ ತೆಗೆದುಕೊಳ್ಳದ ಹಾಗೆಯೇ.

ಕಾಲ ಕೆಳಗಿನ ಆ ಹಳದಿ ಗುರುತು ಬಿಟ್ಟು ಬೇರೇನೂ ಕಾಣಿಸಲಿಲ್ಲ.

"ಲಾಸ್ಟ್ ಟೈಮ್ ಯು ಟುಕ್ ವಿತ್ ವಾಟ್, ಆಂಟಿ?" ಎಂದು ಕೇಳಿದಳು ಆ ಹುಡುಗಿ, ಪೆನ್ನು ಎತ್ತಿಕೊಂಡು.

ಸುಗಂಧಿ ಹಿಂದೆ ತಿರುಗಿ ನೋಡಲಿಲ್ಲ. "ಪ್ಲೇನ್ ವಾಟರ್" ಎಂದಳು.

ಕಾರಿನಲ್ಲಿ ಕೂತ ಮೇಲೆ ನನಗೆ ಕೀಲಿ ತಿರುಗಿಸಲಾಗಲಿಲ್ಲ. "ಯಾಕೆ ಸುಳ್ಳು ಹೇಳ್ದೆ?" ಎಂದೆ.

"ಅವಳು ಫೈಲಿನಲ್ಲಿ ಬರೀತಿದ್ಲು. ಫೈಲಿನ ಫೋಟೋ ಎಲ್ಲ ಇವರಿಗೆ ಹೋಗ್ತದೆ, ಓದ್ತಾರೆ." ಇವರು ಎಂದರೆ ರತ್ನಾಕರ. "ಓದಿದ್ರೆ ನಿಮ್ಮನ್ನು ಸುಮ್ನೆ ಬಿಡುದಿಲ್ಲ. ಶ್ರೀಯಾ ನಿಮ್ಮ ಮನೆಗೆ ಬರುದು ನಿಲ್ತದೆ. ನಾನು ಸತ್ರೆ ಈ ಊರಲ್ಲಿ ಅವಳಿಗೆ ನೀವಲ್ದೆ ಯಾರಿದ್ದಾರೆ?"

"ನನ್ನ ಬೈದುಬಿಡೇ ಸುಗಂಧಿ."

"ಬೈದ್ರೆ ನಿಮಗೆ ಹಗುರ ಆಗ್ತದೆ." ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ನಂಗೆ ತುಂಬಾ ಸಿಟ್ಟು ಬಂದಿದೆ ಅಕ್ಕ. ಎಷ್ಟು ಅಂತ ನಂಗೇ ಗೊತ್ತಿಲ್ಲ. ನಾನೇ ಕೇಳಿದ್ದೆ ನಿಮ್ಮ ಹತ್ರ, ಆಗ್ತದಾ ಅಂತ. ಡಾಕ್ಟರ್ ಹತ್ರ ಕೇಳ್ಬೇಕಿತ್ತು, ಕೇಳ್ಲಿಲ್ಲ. ಅದಕ್ಕೂ ಸಿಟ್ಟು. ಸ್ವಲ್ಪ ದಿನ ನೀವು ಬರ್ಬೇಡಿ."

ನಾನು ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ಎದ್ದು ಒಲೆಯ ಮುಂದೆ ನಿಂತು ಅದನ್ನು ಹಚ್ಚದೆ ವಾಪಸ್ ಬರುತ್ತಿದ್ದೆ. ಗುರುದತ್ ಕೇಳಿದರು, ಹೇಳಿದೆ. ಅವರು, "ಬೇಕಂತ ಮಾಡಿದ್ದಲ್ವಲ್ಲ" ಎಂದರು. ಆ ಮಾತನ್ನು ಕೇಳಿದಷ್ಟು ಸಂಕಟ ನನಗೆ ಇನ್ಯಾವುದಕ್ಕೂ ಆಗಿಲ್ಲ. ಬೇಕಂತ ಮಾಡಿದ್ದರೆ ಒಂದೆರಡು ದಿನ ಮಾಡಿ ಬಿಡುತ್ತಿದ್ದೆ. ಪ್ರೀತಿಯಿಂದ ಮಾಡಿದ್ದರಿಂದ ಒಂದು ದಿನವೂ ತಪ್ಪಿಸಲಿಲ್ಲ.

ಐದನೇ ವಾರ ಫೋನಿಗೆ ಒಂದು ಫೋಟೋ ಬಂತು, ರಕ್ತ ಪರೀಕ್ಷೆಯ ಚೀಟಿ. ಎಂಬತ್ತೆಂಟು ಸಾವಿರ. ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಕುಣಿಯುವಷ್ಟು ಸಂತೋಷವಾಗಬೇಕಿತ್ತು, ಆಯಿತು ಕೂಡ. ಆಮೇಲೆ ಅರ್ಥವಾಯಿತು. ಮಾತ್ರೆ ಅವಳಿಗೆ ಹಿಡಿಯುತ್ತಿತ್ತು. ಮೊದಲಿನಿಂದಲೂ ಹಿಡಿಯುತ್ತಿತ್ತೇನೋ. ಗುಲ್ಮ ಹೋದದ್ದಕ್ಕೇ ಈಗ ಹಿಡಿಯಿತೇನೋ ಎಂದು ನನ್ನ ಮನಸ್ಸು ಒಂದು ಸಂದಿ ಹುಡುಕಿತು, ಡಾಕ್ಟರ್ ಯೋಂಗ್ ಹಾಗೆ ಹೇಳಿದ್ದರಲ್ಲ. ಅದೂ ಇರಬಹುದು. ಯಾರಿಗೂ ಗೊತ್ತಾಗುವ ಹಾಗಿಲ್ಲ. ಆದರೆ ಆ ಸಂದಿಯಲ್ಲಿ ತೂರಿಕೊಳ್ಳಲು ನನಗೆ ನಾಚಿಕೆಯಾಯಿತು.

2021ರ ಜೂನ್. ಊರೆಲ್ಲ ಮತ್ತೆ ಬಂದ್, ದಿನಕ್ಕೆ ಸಾವಿರಗಟ್ಟಲೆ ಸೋಂಕು, ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ. ಒಂದು ಮಧ್ಯಾಹ್ನ ಶ್ರೀಯಾ ಫೋನ್ ಮಾಡಿತು. "ಆಂಟಿ, ಅಮ್ಮ ಹ್ಯಾಸ್ ಫೀವರ್. ಥರ್ಟಿ ನೈನ್. ಶೀ ಇಸ್ ಶಿವರಿಂಗ್. ಶೀ ಸೆಡ್ ಕಾಲ್ ಯು."

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಗುಲ್ಮವಿಲ್ಲದವರಿಗೆ ಜ್ವರವೆಂದರೆ ಗಂಟೆಗಳ ಲೆಕ್ಕ. ಸುಗಂಧಿ ಕಾರಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದುಕೊಂಡು ಹಲ್ಲು ಕಟಕಟಿಸುತ್ತಿದ್ದಳು. ಪಕ್ಕದಲ್ಲಿ ಶ್ರೀಯಾ. ಪೊಲೀಸ್ ತಡೆಯಲ್ಲಿ ಇಪ್ಪತ್ತು ಕಾರು ಮುಂದಿದ್ದವು. ನಾನು ಹಾರ್ನ್ ಒತ್ತಿ ಹಿಡಿದುಕೊಂಡೇ ಅಂಚಿನಿಂದ ನುಗ್ಗಿದೆ. ಪೊಲೀಸಿನವನು ಬೈಯಲು ಬಂದವನು ಒಳಗೆ ನೋಡಿ ಕೈ ಬೀಸಿ ಬಿಟ್ಟ.

ಆಸ್ಪತ್ರೆಯ ಮುಂದೆ ಬಿಳಿ ಟೆಂಟು. ಮೈತುಂಬ ಪ್ಲಾಸ್ಟಿಕ್ ತೊಟ್ಟ ನರ್ಸ್ ಫಾರಂ ಹಿಡಿದು ಬಂದಳು. ಗಾಲಿಕುರ್ಚಿಯಲ್ಲಿದ್ದ ಸುಗಂಧಿ, "ನೋ ಸ್ಪ್ಲೀನ್" ಎಂದಳು. ನರ್ಸ್ ಕೂಡಲೇ ಒಳಗೆ ಕೂಗಿ ಆ್ಯಂಟಿಬಯಾಟಿಕ್ ತರಲು ಹೇಳಿ, ಬರೆಯುತ್ತಲೇ ಕೇಳಿದಳು, ಯಾಕೆ ತೆಗೆದದ್ದು.

"ಮೆಡಿಸಿನ್ ಫೇಲ್" ಎಂದಳು ಸುಗಂಧಿ.

"ನೋ" ಎಂದೆ ನಾನು. ನನ್ನ ದನಿ ಟೆಂಟಿನ ತುಂಬ ಕೇಳಿಸಿರಬೇಕು. "ಮೆಡಿಸಿನ್ ಓಕೆ. ಐ ಗೇವ್ ರಾಂಗ್ ಫುಡ್. ಮೀ. ರೈಟ್ ದಟ್."

ನರ್ಸ್ ಒಂದು ಕ್ಷಣ ನನ್ನನ್ನು ನೋಡಿದಳು. "ನೆವರ್ ಮೈಂಡ್ ಲಾ, ಆಂಟಿ. ಫೀವರ್ ಫಸ್ಟ್" ಎಂದು ಪೆನ್ನು ಜೇಬಿಗೆ ಹಾಕಿದಳು. ಕುರ್ಚಿಯನ್ನು ತಳ್ಳಲು ಇನ್ನೊಬ್ಬ ಬಂದ. ಸುಗಂಧಿ ನನ್ನ ಸೆರಗು ಹಿಡಿದು ತಡೆದಳು. ಕಣ್ಣು ಮುಚ್ಚಿಕೊಂಡೇ ಇತ್ತು, ಕೈ ಕೆಂಡದ ಹಾಗೆ ಸುಡುತ್ತಿತ್ತು. ಶ್ರೀಯಾ ಕಾರಿನ ಬಳಿ ನಿಂತಿದ್ದರಿಂದ ಅದಕ್ಕೆ ಕೇಳಿಸಲಿಲ್ಲ.

"ಯಾರ್ಯಾರ ಹತ್ರವೋ ಹೇಳ್ಬೇಡಿ ಅಕ್ಕ. ಉಳಿದ್ರೆ ಇವರಿಗೆ ನಾನೇ ಹೇಳ್ತೇನೆ. ಉಳಿಯದಿದ್ರೆ ನೀವು ಹೇಳ್ಬೇಡಿ."

ಒಳಗೆ ತೆಗೆದುಕೊಂಡು ಹೋದರು. ಮೂರು ದಿನವೂ, ಬದುಕುವುದು ಅನುಮಾನವೆಂದೇ ಹೇಳುತ್ತಿದ್ದರು. ಶ್ರೀಯಾ ನನ್ನ ಪಕ್ಕದಲ್ಲಿ ಮಲಗಿ, ನನ್ನ ಕೈಯ ತುತ್ತು ತಿಂದಿತು. ನಾನು ಏನು ಬಡಿಸಿದರೂ ನಂಬಿಕೆಯಿಂದ ಬಾಯಿ ತೆರೆಯುತ್ತಿತ್ತು, ನಾನು ಪ್ರತಿ ತುತ್ತಿಗೂ ಅದಕ್ಕೆ ಏನೇನು ಹಾಕಿದ್ದೇನೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಸುಗಂಧಿ ಉಳಿದಳು. ಹನ್ನೊಂದನೇ ದಿನ ಮನೆಗೆ ಬಂದಳು. ರತ್ನಾಕರರಿಗೆ ಆ ವರ್ಷದ ಕೊನೆಯಲ್ಲಿ ಅನುಮತಿ ಸಿಕ್ಕಿತು. ಕ್ವಾರಂಟೈನ್ ಮುಗಿಸಿ ನೇರ ನಮ್ಮ ಮನೆಗೆ ಬಂದವರು, ಬೇಡ ಬೇಡವೆಂದರೂ ಕೇಳದೆ ನನ್ನ ಕಾಲು ಮುಟ್ಟಿದರು. "ನೀವು ಇಲ್ದಿದ್ರೆ ನಂಗೆ ಇವಳು ಸಿಕ್ತಿರ್ಲಿಲ್ಲ ಅಕ್ಕ" ಎಂದು ಅತ್ತರು. ಸುಗಂಧಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನಾನು ಅವಳ ಮುಖ ನೋಡಿದೆ.

ಅವಳು ಇನ್ನೂ ಹೇಳಿಲ್ಲ.